ಚೀಟಿಯಲ್ಲಿ ಬರೆಸಿದ ಹೆಸರು

೧೭-೮-೧೯೭೬, ಮಂಗಳವಾರ. ಕಾಪು.

ಇವತ್ತಿನ ಖರ್ಚು: ಇಬ್ಬರ ಬಸ್ಸು, ಅರ್ಧ ದಿನ ಮುಚ್ಚಿದ ಹೋಟೆಲು, ಒಂದು ಸುಳ್ಳು. ಸುಳ್ಳೇ ದುಬಾರಿಯಾಯಿತು.

ಸತ್ತ ಅಕ್ಕ ರಮಾಮಣಿ ಕರೆಯುತ್ತಾಳೆ ಎನ್ನುವ ತಂಗಿ ನಳಿನಿಯನ್ನು ಉಡುಪಿಗೆ ಹೊಸದಾಗಿ ಬಂದ ಮನಸ್ಸಿನ ಡಾಕ್ಟರು ಹಯಗ್ರೀವರ ಬಳಿಗೆ ಕರೆದೊಯ್ದೆ. ಮದುವೆಯ ಮಾತು ಮುರಿದೀತೆಂದು ಅಲ್ಲಿ ಯಾರೂ ನಿಜವಾದ ಹೆಸರು ಬರೆಸುವುದಿಲ್ಲ. ನಾನು ಅಕ್ಕನದ್ದು ಬರೆಸಿದೆ. ಸತ್ತವಳಿಗೆ ಮದುವೆಯ ಚಿಂತೆ ಇಲ್ಲವೆಂಬುದು ನನ್ನ ಜಾಣತನ.

ಡಾಕ್ಟರು ಬಾಗಿಲಲ್ಲಿ ನಿಂತು ಕರೆದರು: “ರಮಾಮಣಿ, ಒಳಗೆ ಬನ್ನಿ.”

ನಳಿನಿ ನನ್ನ ತೋಳು ಹಿಡಿದಳು. “ಕೇಳಿತಾ ಅಣ್ಣ? ನಾನು ಹೇಳಿದರೆ ನಂಬಲಿಲ್ಲ ಅಲ್ವಾ? ಡಾಕ್ಟರಿಗೂ ಅವಳು ಕಾಣುತ್ತಾಳೆ.”

ಬಾಯಿಬಲದಿಂದಲೇ ಹೋಟೆಲು ಕಟ್ಟಿದವನು ನಾನು, ಇನ್ನೊಂದು ಸುಳ್ಳು ಕಟ್ಟಬಹುದಿತ್ತು. ಆದರೆ ಆ ಹೆಸರು ಬರೆಸಿದ್ದು ನಾನೇ ಎಂದು ಇಬ್ಬರಿಗೂ ನಿಜ ಹೇಳಿದೆ.

ಡಾಕ್ಟರು ಬೈಯಲಿಲ್ಲ. “ಎಂತ ಮಾಡುವುದು ಮಾರಾಯರೇ, ಕಾರ್ಕಳದಲ್ಲಿ ನನ್ನ ಅಮ್ಮನನ್ನು ಕೋಣೆಯೊಳಗಿಟ್ಟು, ತವರಿಗೆ ಹೋಗಿದ್ದಾಳೆ ಎನ್ನುತ್ತಿದ್ದರು. ಅದಕ್ಕೇ ನಾನು ಇದನ್ನು ಕಲಿತದ್ದು.” ಚೀಟಿಯಲ್ಲಿ ಅಕ್ಕನ ಹೆಸರು ಹೊಡೆದುಹಾಕಿ, ನನ್ನನ್ನು ಕೇಳಿ ನಳಿನಿಯ ಪೂರ್ತಿ ಹೆಸರು ನಳಿನಾಕ್ಷಿ ಎಂದು ಬರೆದರು. ಆಮೇಲೆ ಮೆಲ್ಲನೆ ಕೇಳಿದರು: “ಅಕ್ಕನಿಗೂ ಹೀಗೇ ಇತ್ತಾ?”

ಇತ್ತು. ಅವಳ ಕೋಣೆಗೆ ಬೀಗ ಹಾಕುತ್ತಿದ್ದವನು ನಾನು.

ಲಾಭ: ಡಾಕ್ಟರಿಗೆ ನಿಜವಾದ ಹೆಸರಿನ ಒಬ್ಬ ರೋಗಿ. ನಳಿನಿಗೆ ಹದಿನೈದು ದಿನದ ಮಾತ್ರೆ. ನನಗೆ ಆ ಪ್ರಶ್ನೆ. ಅಕ್ಕನಿಗೆ, ಸತ್ತ ಆರು ವರ್ಷಕ್ಕೆ, ಅರ್ಧ ನಿಮಿಷ ಒಬ್ಬ ಡಾಕ್ಟರು.