ದಿನವೂ ಗುರುವಾರವಾದ ಬೀದಿಯಿಂದ

ಜಿಲ್ಲಾ ನೈರ್ಮಲ್ಯ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ನಮ್ಮ ಬೀದಿಯಲ್ಲಿ ಹಗಲಿರುಳೂ ಕಾದ ಎಣ್ಣೆಯ ವಾಸನೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ಕೋಳಿ ಫಾರಂನ ಗೊಬ್ಬರದ ನಾತ, ಸಕ್ಕರೆ ಕಾರ್ಖಾನೆಯ ಕೊಳೆತ ಬೀಟ್ ಗೆಡ್ಡೆಯ ಹಿಪ್ಪೆಯ ನಾತ, ಇವೆರಡನ್ನೂ ನಾವು ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ಸಹಿಸಿದವರು. ತಮ್ಮ ಕಚೇರಿಯ ಕಡೆಗೆ ಗಾಳಿ ಬೀಸುವುದಿಲ್ಲವಾದ್ದರಿಂದ ಆ ಸುಖ ತಮಗೆ ದಕ್ಕಿಲ್ಲ. ಇರಲಿ. ಈ ದೂರು ದುರ್ವಾಸನೆಯದ್ದಲ್ಲ, ಒಳ್ಳೆಯ ವಾಸನೆಯದ್ದು.

ಕಳೆದ ಶರತ್ಕಾಲದಲ್ಲಿ ಕಾಲುವೆಯ ಪಕ್ಕ ಆಲೂಗಡ್ಡೆ ಚಿಪ್ಸ್ ಕಾರ್ಖಾನೆ ಶುರುವಾಯಿತು. ನಾವು ದೂರು ಕೊಟ್ಟೆವು. ತಾವು ದೊಡ್ಡ ಮನಸ್ಸು ಮಾಡಿ ಒಬ್ಬ ಇನ್‌ಸ್ಪೆಕ್ಟರನ್ನು ಕಳಿಸಿದಿರಿ. ಆತ ನಮ್ಮ ಅಂಗಳದಲ್ಲಿ ನಿಂತು ಎದೆ ತುಂಬ ಉಸಿರೆಳೆದು, "ಇದಕ್ಕೇನ್ರಮ್ಮಾ ದೂರು? ಘಮ್ ಅಂತಿದೆ! ನಂಗೆ ಇಲ್ಲೇ ಹಸಿವಾಗ್ತಿದೆ" ಎಂದ.

ನನ್ನ ಅತ್ತೆ ಝೂರಾಕಾನ್ ಹೊಸ್ತಿಲ ಮೇಲಿಂದಲೇ ಕೇಳಿದರು: "ನಿಂಗೆ ಹಸಿವಾದ್ರೆ ಮನೆಗ್ ಹೋಗಿ ಉಣ್ತೀಯಪ್ಪಾ. ಸತ್ತೋರಿಗಾದ್ರೆ ಅವ್ರು ಎಲ್ಲಿಗೋಗ್ಬೇಕು?"

ಆತ ನಕ್ಕ. ವಾಸನೆ ಮಿತಿಯೊಳಗಿದೆ ಎಂದು ಬರೆದುಕೊಂಡು ಹೋದ. ಯಾರ ಮಿತಿ ಸ್ವಾಮಿ? ಬದುಕಿದವರದ್ದೋ, ಹೋದವರದ್ದೋ?

ಇದನ್ನು ತಮಗೆ ನಾನು ಹೇಳಿಕೊಡಬೇಕೇ? ಕುರ್ಚಿ ಸಿಕ್ಕ ಮಾತ್ರಕ್ಕೆ ತಾವೇನು ಆಕಾಶದಿಂದ ಉದುರಿದವರಲ್ಲ. ಗುರುವಾರ ಸಂಜೆ ತಮ್ಮ ತಾಯಿಯೂ ಬಾಣಲೆಯಿಟ್ಟು, ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಹಿಟ್ಟಿನ ತುಂಡುಗಳನ್ನು ಬಿಟ್ಟು ಬೋರ್ಸೊಕ್ ಕರಿದವರೇ. ಕರಿದದ್ದು ನಮಗೆ, ವಾಸನೆ ನಮ್ಮ ಸತ್ತವರಿಗೆ. ಎಣ್ಣೆ ಕಾಯಿತೆಂದರೆ ಅವರು ಬರುತ್ತಾರೆ. ತಮ್ಮ ಪಾಲು ತೆಗೆದುಕೊಳ್ಳುತ್ತಾರೆ. ಆಮೇಲೆ ಮನೆಯವರು ಕುರಾನಿನ ಸಾಲು ಓದಿ, ಅಂಗೈಯಿಂದ ಮುಖ ಸವರಿಕೊಂಡು ಅವರನ್ನು ಬೀಳ್ಕೊಡುತ್ತಾರೆ. ಕರೆಯುವುದಕ್ಕೊಂದು ಹೊತ್ತು, ಕಳಿಸುವುದಕ್ಕೊಂದು ಹೊತ್ತು.

ಈಗ ಕಾರ್ಖಾನೆ ದಿನವಿಡೀ ಕರೆಯುತ್ತಿದೆ. ಕಳಿಸಿಕೊಡುವವರು ಯಾರು?

ಮೊದಮೊದಲು ಪಕ್ಕದ ಮನೆಯ ಅಸಿಲ್‌ಕಾನ್, "ಬಿಡೇ, ಒಳ್ಳೇದೇ ಆಯ್ತು. ನಮ್ ಮುದುಕಂಗೆ ಬದುಕಿದ್ದಾಗ ವಾರಕ್ಕೊಂದ್ಸಲ ಕರಿದಿದ್ ಸಿಕ್ರೆ ಹೆಚ್ಚು. ಈಗ ನೋಡು, ದಿನಾ ಹಬ್ಬ!" ಎಂದು ಗೇಲಿ ಮಾಡುತ್ತಿದ್ದಳು. ಈಗ ಅವಳೇ ಹೊತ್ತು ಇಳಿದ ಮೇಲೆ ಒಬ್ಬಳೇ ಕೊಟ್ಟಿಗೆಗೆ ಹೋಗುವುದಿಲ್ಲ. ಅಲ್ಲಿ ಯಾರೋ ಹಸುವಿನ ಮೈ ಸವರುತ್ತಾ ನಿಂತಿರುತ್ತಾರಂತೆ. ಬೀದಿಯಲ್ಲಿ ಯಾರೂ ಇದನ್ನು ಜೋರಾಗಿ ಆಡುವುದಿಲ್ಲ. ಸುಮ್ಮನೆ ಒಂದೊಂದು ಬಟ್ಟಲು ಚಹಾ ಹೆಚ್ಚಿಗೆ ಬಗ್ಗಿಸಿಡುತ್ತಾರೆ.

ನನ್ನ ಗಂಡ ಕೆಂಜೆಬೆಕ್ ಎರಡು ವರ್ಷದ ಹಿಂದೆ ಕಣಿವೆಯ ಹಿಮದ ದಾರಿಯಲ್ಲಿ ಲಾರಿ ಉರುಳಿ ತೀರಿಕೊಂಡರು. ಅತ್ತೆಗೆ ಒಬ್ಬನೇ ಮಗ. ಪ್ರತಿ ಗುರುವಾರ ಅವನ ಪಾಲಿನ ವಾಸನೆ ಎಬ್ಬಿಸಿ, ಅತ್ತು, ಓದಿ, ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಹಾಗೇ ದುಃಖ ಒಂದು ಹದಕ್ಕೆ ಬರುತ್ತಿತ್ತು. ಈಗ ಆ ವಾಸನೆ ಬಿಡುವುದೇ ಇಲ್ಲ, ಅತ್ತೆ ತಲೆಬಾಗಿಲು ಮುಚ್ಚುವುದೂ ಇಲ್ಲ. ಜನವರಿಯ ಚಳಿಯಲ್ಲಿ, ಹೊಸ್ತಿಲ ಮೇಲೆ ಹಿಮ ಬಿದ್ದಿರುವಾಗ, ಕಂಬಳಿ ಹೊದ್ದು ಬಾಗಿಲೆದುರೇ ಕೂತಿರುತ್ತಾರೆ.

"ಅಮ್ಮಾ, ಒಳಗ್ ಬನ್ನಿ. ಎದೇಲಿ ಕಫ ಕಟ್ಟಿದೆ, ಡಾಕ್ಟ್ರು ಏನಂದ್ರು ಮರ್ತ್ರಾ? ಇನ್ನೊಂದ್ ಸಲ ಚಳಿ ಹಿಡಿದ್ರೆ ಉಳಿಯೋದು ಕಷ್ಟ ಅಂದಿದಾರೆ."

"ಬಾಗ್ಲು ಹಾಕಿದ್ರೆ ಅವ್ನು ಹೊರಗೇ ಉಳೀತಾನಲ್ಲೇ, ಸೈರಾ. ಕರ್ದಿದಾರೆ, ಬಂದಿದಾನೆ. ಅಂಗಿ ಒಂದೇ ಮೈಮೇಲೆ."

ಕಾರ್ಖಾನೆಯದು ಹಳಸಲು ಎಣ್ಣೆ, ನಿಮ್ಮ ಮಗನಿಗಲ್ಲ ಎಂದು ನೂರು ಸಲ ಹೇಳಿದೆ. "ಹಸಿದೋನಿಗೆ ಯಾರ್ ಮನೆ ಎಣ್ಣೆ ಅಂತ ಗೊತ್ತಾಗತ್ತೇನೇ?" ಎಂದು ನನ್ನನ್ನೇ ಬೈದರು. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಗಾಳಿ ಎಲ್ಲಿಂದ ಎಲ್ಲಿಗೆ ಬೀಸುತ್ತದೆಂದು ಮಕ್ಕಳಿಗೆ ಹೇಳುತ್ತೇನೆ. ಅತ್ತೆಗೆ ಹೇಳಲು ನನ್ನಲ್ಲಿ ಪಾಠವಿಲ್ಲ.

ಆದ್ದರಿಂದ ಕಾರ್ಖಾನೆಯನ್ನೇ ಮುಚ್ಚಿ ಎಂದು ಕೇಳುತ್ತಿಲ್ಲ. ಅಷ್ಟು ದೊಡ್ಡ ಆಸೆ ನಮಗೆ ಶೋಭಿಸುವುದೂ ಇಲ್ಲ. ಒಂದೇ ಒಂದು ಗುರುವಾರ ಅದರ ಒಲೆಗಳನ್ನು ಆರಿಸಿ. ಗಾಳಿ ತಿಳಿಯಾಗಲಿ. ನಮ್ಮ ಮನೆಯ ಎಣ್ಣೆ ನಾವು ಕಾಯಿಸುತ್ತೇವೆ, ಓದುತ್ತೇವೆ, ಅವರನ್ನು ಕಳಿಸಿಕೊಡುತ್ತೇವೆ. ಆಮೇಲೆ ಅತ್ತೆ ಬಾಗಿಲು ಹಾಕಲು ಒಪ್ಪಿದ್ದಾರೆ. ಬೇಗ ಮಾಡಿ. ಅವರ ಕೆಮ್ಮು ತಮ್ಮ ಕಡತಗಳಿಗಾಗಿ ಕಾಯುವುದಿಲ್ಲ.

ಸೊಸೆಯಾದವಳು ತಾನೇ ಬಾಗಿಲು ಹಾಕಬಾರದೇ ಎಂದು ಕೇಳಬಹುದು. ನಿನ್ನೆ ಮಧ್ಯಾಹ್ನ ಅವರಿಗೆ ಜೊಂಪು ಹತ್ತಿದಾಗ ಎದ್ದು ಹೋಗಿ ಚಿಲಕಕ್ಕೆ ಕೈ ಹಾಕಿದೆ. ಹೊರಗೆ ಯಾರೂ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಗಂಡನ ಕೋಟು ತಂದು ಹೊರಗಿನ ಗೂಟಕ್ಕೆ ನೇತುಹಾಕಿ, ಬಾಗಿಲನ್ನು ಹಾಗೇ ಬಿಟ್ಟು ಬಂದೆ.

ಇಂತಿ,
ಸತ್ತವರನ್ನು ಕಳಿಸಲಾರದೆ, ಇದ್ದವರನ್ನು ಉಳಿಸಿಕೊಳ್ಳಲಾರದೆ ಕೂತಿರುವ
ಸೈರಾಗುಲ್
ಕಾಲುವೆ ಬೀದಿ