ಪಿಸ್ತೂಲಿನವನು ಇದ್ದ ಜಾಗ

ಮಾನೇಸರ್
13-11-2025, ಗುರುವಾರ

ಯಜಮಾನರಿಗೆ ಕಾಳಮ್ಮ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಅಂತ ಕೇಳುವುದಿಲ್ಲ, ಧಾರಿಣಿ ದಿನಾ ಫೋನ್ ಮಾಡಿ ವರದಿ ಒಪ್ಪಿಸುತ್ತಾಳೆ. ಮಗಳ ಮನೆಯ ಊಟ, ಸಾಯಂಕಾಲ ಆರ್.ಕೆ.ಪುರಂನ ಹಳೇ ಪಾರ್ಕಿನಲ್ಲಿ ಇಸ್ಪೀಟು. ನಡೆಯಲಿ. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಿಮ್ಮ ಕಿವಿ ಮಂದ, ನನ್ನ ಗಂಟಲು ದೊಡ್ಡದು. ಮಕ್ಕಳು ಸ್ಪೀಕರಿಗೆ ಹಾಕಿಕೊಂಡು ಎರಡೂ ಮನೆಯವರು ಕೂತು ನಗುತ್ತಾರೆ. ಅದಕ್ಕೇ ಕಾಗದ. ಶನಿವಾರ ಬೆಳಿಗ್ಗೆ ಯಶವಂತ ಅಕ್ಕನ ಮನೆಗೆ ಬರುತ್ತಾನಲ್ಲ, ಅವನ ಕೈಯಲ್ಲೇ ಕೊಡುತ್ತೇನೆ. ತೆರೆದರೂ ಅವನಿಗೆ ಏನೂ ತಿಳಿಯದು. ಮಕ್ಕಳಿಬ್ಬರಿಗೂ ಹಿಂದಿ, ಇಂಗ್ಲಿಷು ಓದಿಸಿದೆವು, ಕನ್ನಡ ಅಕ್ಷರ ಕಲಿಸಲು ನಮಗೇ ಪುರಸೊತ್ತಾಗಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದಿ ವಾಪಸ್ ಕಳಿಸಬೇಡಿ. ಮದುವೆಯಾದ ಹೊಸದರಲ್ಲಿ ಕೆಂಪು ಮಸಿಯಲ್ಲಿ ತಿದ್ದಿ ಕಳಿಸಿದ್ದಿರಿ, ನಾನೇನೂ ಮರೆತಿಲ್ಲ.

ವಿಷಯ ಟಿವಿಯದು. ಧಾರಿಣಿಯ ಮುಂದೆ ನಿಮಗೆ ಬೇಕಾದ ಹಾಗೆ ಹೇಳಿಕೊಂಡಿರುತ್ತೀರಿ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಯಶವಂತ ಟಿವಿಗೆ ಆ ಪುಟ್ಟ ಡಬ್ಬಿ ಜೋಡಿಸಿದ ಮೇಲೆ ನಮ್ಮ ಹಳೇ ಕ್ಯಾಸೆಟ್ಟು, ಹಾಡು, ಸಿನಿಮಾ, ಫೋಟೋ ಎಲ್ಲ ಅದರ ಹೊಟ್ಟೆಗೆ ಸೇರಿದವು. ಟಿವಿ ಹಾಕಿದರೆ ಸಾಲಾಗಿ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ನಾನು ಹೆಸರಿನ ಕಡೆ ನೋಡಿದವಳೇ ಅಲ್ಲ. ಡೆಲ್ಲಿಯಲ್ಲಿ ಬಸ್ಸು ಹತ್ತಿದ್ದೂ ಹಾಗೆಯೇ, ಬೋರ್ಡು ಓದಿ ಅಲ್ಲ, ಕಂಡಕ್ಟರನ ಮುಖ ನೋಡಿ. ಆ ಡಬ್ಬಿ ಧಾರಿಣಿಯ ಮದುವೆಯ ವಿಡಿಯೋವನ್ನು ಯಾವುದೋ ಸಿನಿಮಾ ಅಂದುಕೊಂಡು ಅದರ ಮೇಲೆ ಪಿಸ್ತೂಲು ಹಿಡಿದ ಒಬ್ಬ ಗಡ್ಡದವನ ಚಿತ್ರ ತಂದು ಅಂಟಿಸಿತ್ತು. ಮನೆಯವರೆಲ್ಲ ನಕ್ಕರು. ನನಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಪಿಸ್ತೂಲಿನವನನ್ನು ಒತ್ತಿದರೆ ಮಗಳ ಮದುವೆ ಬರುತ್ತದೆ, ಅಷ್ಟು ಗೊತ್ತಿದ್ದರೆ ಸಾಕು.

ನಿಮಗೆ ಅಷ್ಟು ಸಾಲಲಿಲ್ಲ. ಯಶವಂತನ ಹಳೇ ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡು ದಸರಾದಿಂದ ದೀಪಾವಳಿವರೆಗೆ ಮಧ್ಯಾಹ್ನದ ನಿದ್ದೆ ಬಿಟ್ಟು ಕೂತಿರಿ. ಏನದು ಅಂದರೆ, ‘ಆಮೇಲೆ ನೋಡುವೆಯಂತೆ’ ಅಂದಿರಿ. ಈ ವಯಸ್ಸಿನಲ್ಲಿ ಡಬ್ಬಿಯ ಜೊತೆ ಸಂಸಾರ ಹೂಡಿದ್ದೀರಲ್ಲ ಅಂದೆ. ಅದಕ್ಕೂ ನಕ್ಕಿರಿ. ಲೀಲಾ, ಅವಳ ಗಂಡ ರಾಘವ ಊಟಕ್ಕೆ ಬರುವ ದಿನ ಬೆಳಿಗ್ಗೆ ಅದನ್ನೆಲ್ಲ ಟಿವಿಗೆ ಏರಿಸಿದ್ದೀರಿ ಅಂತ ನನಗೆ ಯಾರು ಹೇಳಿದರು?

ಲೀಲಾ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವಳಾಗಿದ್ದಾಗ ಕಡ್ಡಿ ಹಾಗಿದ್ದಳು. ಊಟವಾದ ಮೇಲೆ, ‘ಕಾಳಕ್ಕಾ, ಧಾರಿಣಿ ಮದುವೆ ಹಾಕಿ, ನಾನು ಸಣ್ಣಗಿದ್ದದ್ದನ್ನ ಒಂದ್ಸಲ ಕಣ್ತುಂಬ ನೋಡ್ಕೋತೀನಿ’ ಅಂದಳು. ನಾನೇ ಹಾಕುತ್ತೇನೆ ಅಂತ ಜಂಬದಿಂದ ರಿಮೋಟು ತೆಗೆದುಕೊಂಡೆ. ನೋಡಿದರೆ ಪಿಸ್ತೂಲಿನವನಿಲ್ಲ. ಸಾಲೂ ಇಲ್ಲ, ಎಲ್ಲ ಎಡಗಡೆಯಲ್ಲಿ ಒಂದರ ಕೆಳಗೆ ಒಂದು ನಿಂತಿವೆ. ಹಿಂದೆ ಹಳದಿ ಬಣ್ಣ. ಅವನು ಇರುತ್ತಿದ್ದ ಜಾಗವನ್ನು ಅಂದಾಜು ಮಾಡಿ ಒತ್ತಿದೆ. ಟಿವಿ ಆರಿಹೋಯಿತು. ಮತ್ತೆ ಹಾಕಿ ಅಲ್ಲೇ ಒತ್ತಿದೆ, ಮತ್ತೆ ಆರಿತು. ಲೀಲಾ, ‘ಹಾಡುಹಗಲೇ ಯಾಕಕ್ಕಾ ಇಷ್ಟು ಅವಸರ’ ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀವು, ಅಷ್ಟು ಜನರ ಮುಂದೆ, ‘ಓದಿ ಒತ್ತೇ, ಓದಿ ಒತ್ತು’ ಅಂದಿರಿ.

ಬೇರೆ ಯಾವ ಮಾತಾದರೂ ಸಹಿಸುತ್ತಿದ್ದೆ. ಶಾಲೆ ಬಿಟ್ಟವಳಿಗೆ, ಅದೂ ಸೊಸೆಯ ಮುಂದೆ, ಆ ಮಾತಾ? ‘ಜೀವಮಾನವೆಲ್ಲ ಸರ್ಕಾರದ ಫ್ಯೂಸು ಹಾಕಿದವರು ಮನೆಯ ಟಿವಿ ಕೆಡಿಸಿ ಕೂತಿರಿ’ ಅಂದೆ. ಅಂದದ್ದು ಅಂದೆ. ‘ನಿನಗೋಸ್ಕರ ಮಾಡಿದೆನಲ್ಲ, ನನ್ನ ಬುದ್ಧಿಗೆ ಹೊಡೀಬೇಕು’ ಅಂತ ನೀವು. ನಡುವೆ ರಾಘವ, ‘ಕೆಂಪಣ್ಣ, ನಡಿ ಮಾರಾಯ, ಕಾರಲ್ಲಿ ಜಾಗ ಇದೆ, ಎರಡು ದಿನ ಮಗಳ ಮನೇಲಿರು’ ಅಂದ. ನೀವು ಹೋಗಿಯೇಬಿಟ್ಟಿರಿ. ಊಟಕ್ಕೆ ಕರೆದವರೇ ನೆಂಟರ ಕಾರು ಹತ್ತಿ ಹೋದದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಆಮೇಲೆ ನಾನು ಟಿವಿಯ ಕಡೆ ತಿರುಗಲಿಲ್ಲ. ಮೊನ್ನೆ ಸ್ಫೂರ್ತಿ ರಿಮೋಟು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ‘ಅತ್ತೆ, ಜರಾ ಓದಿ ಹೇಳಿ. ಮಾವ ಎಲ್ಲಾ ಕನ್ನಡ ಮಾಡಿಬಿಟ್ಟಿದಾರೆ, ನಮಗೆ ಏನೂ ಸಮಝ್ ಆಗ್ತಿಲ್ಲ’ ಅಂದಳು.

ಕನ್ನಡವಾ ಅಂದೆ. ಒಲೆ ಆರಿಸಿ ಹೋಗಿ ಟಿವಿಯ ಮುಂದೆ ನಿಂತೆ.

ದಪ್ಪ ದಪ್ಪ ಅಕ್ಷರ. ಸಿನಿಮಾ ಇರುವ ಕಡೆ ‘ಭಾನುವಾರ ಮಧ್ಯಾಹ್ನ’ ಅಂತ ಬರೆದಿದ್ದೀರಿ. ಸ್ಫೂರ್ತಿಗೆ ಓದಿ ಹೇಳಿದೆ, ಅರ್ಥ ಹೇಳಲಿಲ್ಲ. ಅವಳಿಗೆ ಹೇಗೆ ತಿಳಿಯಬೇಕು? ದೂರದರ್ಶನದಲ್ಲಿ ಯಾವಾಗಲೋ ಒಂದು ಭಾನುವಾರ ಕನ್ನಡ ಸಿನಿಮಾದ ಸರದಿ ಬರುತ್ತಿತ್ತು. ಸೆಕ್ಟರಿನ ಕನ್ನಡದವರೆಲ್ಲ ನಮ್ಮ ಒಂದು ಕೋಣೆಯಲ್ಲಿ. ಚಪ್ಪಲಿ ಮೆಟ್ಟಿಲವರೆಗೆ. ನಾನು ಚಹಾ ಸೋಸಿ ಸೋಸಿ ಕೊನೆಗೆ ಲೋಟ ಸಾಲದೆ ಬಟ್ಟಲಲ್ಲಿ ಕೊಡುತ್ತಿದ್ದೆ. ಕಥೆ ಗಟ್ಟಿಯಾಗುವ ಹೊತ್ತಿಗೆ ಯಾವುದಾದರೂ ಬ್ಲಾಕಿನಿಂದ ಲೈಟು ಹೋಯಿತು ಅಂತ ಕರೆ. ನೀವು ಟೆಸ್ಟರು ಜೇಬಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದಿರಿ. ಬೇಸಿಗೆಯಲ್ಲಿ ಟೆರೇಸಿನ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕಿದ ಮೇಲೆ, ಕೊನೆಗೇನಾಯಿತೇ ಅಂತ ಕೇಳುತ್ತಿದ್ದಿರಿ. ಒಂದು ವಿಷಯ ಈಗ ಹೇಳುತ್ತೇನೆ. ಆ ಸಿನಿಮಾಗಳಲ್ಲಿ ಕೊನೆಗೆ ಯಾರಾದರೂ ಸಾಯುವುದೇ ಹೆಚ್ಚು. ದಿನವೆಲ್ಲ ಕಂಬ ಹತ್ತಿ ಬಂದವರಿಗೆ ಅದನ್ನು ಹೇಳಲು ಮನಸ್ಸಾಗದೆ ಎಲ್ಲರನ್ನೂ ಬದುಕಿಸಿ ಹೇಳುತ್ತಿದ್ದೆ. ಈಗ ಅವೆಲ್ಲ ಡಬ್ಬಿಯಲ್ಲಿವೆ, ನೀವು ನೋಡಿರುತ್ತೀರಿ. ಆದರೂ ಒಂದು ಮಾತು ಅಂದಿಲ್ಲ.

ಹಾಡಿಗೆ ‘ಹಾಲಿನ ಬೂತು’. ಚಳಿಗಾಲದ ಸಾಲಿನಲ್ಲಿ ನಿಮ್ಮ ಶಾಲಿನೊಳಗೆ ಟ್ರಾನ್ಸಿಸ್ಟರು ಹಾಡುತ್ತಿದ್ದದ್ದು, ಹಿಂದೆ ನಿಂತ ಸರ್ದಾರ್ಜಿ ಇನ್ನೂ ಜೋರಾಗಿ ಇಡಿ ಅನ್ನುತ್ತಿದ್ದದ್ದು. ವಾರ್ತೆಗೆ ‘ರಾಘವನ ಬಾಯಿ’ ಅಂತ ಇಟ್ಟಿದ್ದೀರಿ, ಅವನೂ ಆ ದಿನ ಓದಿದನೋ ಇಲ್ಲವೋ. ಹಿಂದಿನ ಹಳದಿ ನಮ್ಮ ಕ್ವಾರ್ಟರ್ಸಿನ ಗೋಡೆಯ ಹಳದಿ. ಆ ಮಾಸಲು ಬಣ್ಣ ಎಲ್ಲಿಂದ ಹುಡುಕಿ ತಂದಿರೋ. ಎಲ್ಲಕ್ಕಿಂತ ಕೆಳಗೆ, ಟಿವಿ ಆರಿಸುವ ಕಡೆ, ‘ಸಾಕು, ಮಲಗೋಣ’. ಲೀಲಾಳ ಮುಂದೆ ನಾನು ಎರಡೆರಡು ಸಲ ಒತ್ತಿದ್ದು ಅದನ್ನು. ಅವಳು ಯಾಕೆ ಹಾಗೆ ನಕ್ಕಳು ಅಂತ ಈಗ ತಿಳಿಯಿತು. ಇನ್ನು ಅವಳಿಗೆ ಮುಖ ತೋರಿಸುವುದು ಹೇಗೆ, ನೀವೇ ಹೇಳಿ.

ಪಿಸ್ತೂಲಿನವನನ್ನು ತೆಗೆದು ಮದುವೆಗೆ ನೀವು ಹಾಕಿದ ಚಿತ್ರವನ್ನೂ ಕಂಡೆ. ಮದುಮಗಳದಲ್ಲ, ಮದುಮಗನದೂ ಅಲ್ಲ. ಸೌಟು ಹಿಡಿದು ಅಡುಗೆಯವನನ್ನು ಬೈಯುತ್ತಾ ನಿಂತ ನನ್ನದು. ಬೇರೆ ಒಳ್ಳೆಯದೊಂದು ಸಿಗಲಿಲ್ಲವಾ?

ಓದಿ ಒತ್ತು ಅಂದದ್ದು ಇದಕ್ಕೆ. ಸರಿ. ಆದರೆ ಇದು ಕನ್ನಡದಲ್ಲಿದೆ ಕಣೇ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಈ ಸೀಮೆಗೆ ಬಂದಾಗಿನಿಂದ ಗೋಡೆಯ ಮೇಲೆ, ಬಸ್ಸಿನ ಮೇಲೆ, ಔಷಧಿಯ ಮೇಲೆ ನನ್ನ ಅಕ್ಷರ ಕಂಡವಳಲ್ಲ ನಾನು. ಟಿವಿಯ ಮೇಲೆ ಇರುತ್ತದೆ ಅಂತ ಯಾಕೆ ನೋಡಲಿ?

ಈಗ ಮುಖ್ಯ ಮಾತು. ಮಗ ಸೊಸೆ ಇಬ್ಬರಿಗೂ ಓದಲು ಬರುವುದಿಲ್ಲ, ಟಿವಿ ಹಾಕಬೇಕಾದರೆ ನನ್ನನ್ನೇ ಕರೆಯಬೇಕು. ಯಶವಂತ ರೇಗಿದ್ದಾನೆ. ‘ಅಪ್ಪನಿಗೇ ಬೇಡವಾಗಿದೆ, ಬಿಟ್ಟು ಹೋದರು. ಎಲ್ಲ ಅಳಿಸಿ ಮೊದಲಿನ ಥರ ಇಂಗ್ಲಿಷ್ ಮಾಡ್ತೀನಿ’ ಅಂತ ಕೂತ. ಸೆಟ್ಟಿಂಗು ಯಾವುದಮ್ಮ ಅಂದ. ನೀವು ಅದಕ್ಕೆ ‘ಇಲ್ಲಿ ಕೈ ಹಾಕಬೇಡಿ’ ಅಂತ ಹೆಸರಿಟ್ಟಿದ್ದೀರಿ. ನಾನು ರಾಘವನ ಬಾಯಿ ತೋರಿಸಿದೆ. ಪಾಪ, ಬಹಳ ಹೊತ್ತು ಅದರೊಳಗೇ ಹುಡುಕಿದ. ಆದರೆ ಭಾನುವಾರ ಊಟವಾದ ಮೇಲೆ ಅವನ ಫ್ಯಾಕ್ಟರಿಯ ಸ್ನೇಹಿತ ಬರುತ್ತಾನಂತೆ. ಅವನಿಗೆ ಅಕ್ಷರವೇ ಬೇಕಿಲ್ಲ, ಬುಡದಿಂದ ಒರೆಸಿಹಾಕುತ್ತಾನಂತೆ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲವಂತೆ.

ಬೇಡ ಅಂತ ನಾನು ಹೇಳಲಾರೆ. ಮನೆಯೆಲ್ಲ ಕೇಳುವ ಹಾಗೆ ಕೆಡಿಸಿದಿರಿ ಅಂತ ಕೂಗಿದವಳು ಅದೇ ಇರಲಿ ಅಂತ ಯಾವ ಬಾಯಲ್ಲಿ ಅನ್ನಲಿ? ಅವರಿಗೆ ಇಂಗ್ಲಿಷಿನದು ಬೇರೆ, ನಮಗೆ ನಮ್ಮದು ಬೇರೆ ಮಾಡಿ ಎರಡನ್ನೂ ಇಡಬಹುದು, ಮಾಡಿದವರೇ ಬಂದು ಮಾಡಬೇಕು ಅಂತ ಸ್ಫೂರ್ತಿ ಹೇಳಿದಳು. ಶನಿವಾರ ಸಾಯಂಕಾಲ ಯಶವಂತ ವಾಪಸ್ ಬರುವಾಗ ಕಾರಿನಲ್ಲಿ ಪಕ್ಕದ ಸೀಟು ಖಾಲಿ ಇರುತ್ತದೆ. ತಿಳಿಸಿದ್ದೇನೆ, ಅಷ್ಟೇ. ನಾನು ಕರೆಯುತ್ತಿಲ್ಲ.

ಡೆಲ್ಲಿಯ ಹೊಗೆಗೆ ನಿಮ್ಮ ಕೆಮ್ಮು ಹೆಚ್ಚಾಗಿದೆ ಅಂತ ಕೇಳಿದೆ. ಮಫ್ಲರು ಕಳಿಸುತ್ತಿಲ್ಲ. ಒಗೆದು ಬಿಸಿಲಿಗೆ ಹಾಕಿ ಇಲ್ಲೇ ಮಡಚಿಟ್ಟಿದ್ದೇನೆ.

ಇಂತಿ, ಸಿಟ್ಟು ಇನ್ನೂ ಪೂರ್ತಿ ಇಳಿಯದ
ನಿಮ್ಮ ಮನೆಯವಳು,
ಕಾಳಮ್ಮ

ತಾ.ಕ.: ಕಾಗದದಲ್ಲಿ ಏನಿದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಕುಕ್ಕರಿನ ರಬ್ಬರು ಆ ಕಡೆ ಸಿಗುತ್ತದಾ ಅಂತ ಕೇಳಿದ್ದಾಳೆ ಅನ್ನಿ, ಬರುವಾಗ ಒಂದು ತನ್ನಿ. ಬನ್ನಿ ಅಂತ ಬರೆದಿದ್ದಾಳೆ ಅಂತ ಮಾತ್ರ ಯಾರಿಗೂ ಹೇಳಬೇಡಿ.