ಚಂದ್ರಿಗೆ ತಂದ ರಸಮೇವು

ತಂಬ್ರಹಳ್ಳಿ, ೧೮ ನವೆಂಬರ್ ೨೦೨೫, ಮಂಗಳವಾರ

ಮರಿ ಸತ್ತಾಗಿನಿಂದ ನಮ್ಮ ಕುದುರೆ ಚಂದ್ರಿ ಸರಿಯಾಗಿ ಮೇವು ಮುಟ್ಟಿಲ್ಲ. ಇವತ್ತು ಪಕ್ಕದ ಮನೆಯ ಉಚ್ಚಂಗೆಮ್ಮ ದೊಡ್ಡವ್ವ ಒಂದು ಪುಟ್ಟಿ ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಮೆಕ್ಕೆಜೋಳದ ಹಸಿಮೇವು, ಹೊತ್ತು ತಂದಳು.

"ನಮ್ಮ ಎಮ್ಮಿ ಮುಗಿಬಿದ್ದು ತಿಂತಾವ. ಇದಕ್ಕೂ ಹಾಕವ್ವ."

ಆ ಹುಳಿ ವಾಸನೆಗೆ ಚಂದ್ರಿ ಕತ್ತು ಚಾಚಿತು. ನನ್ನ ಕೈ ಪುಟ್ಟಿಯವರೆಗೂ ಹೋಗಿತ್ತು. ಯಾಕೋ ತಡೆದು ಪಶುವೈದ್ಯರಿಗೆ ಫೋನ್ ಮಾಡಿದೆ.

"ಬ್ಯಾಡ್ರಿ. ಎಮ್ಮಿ ಹೊಟ್ಟಿನೇ ಬ್ಯಾರೆ. ಒಗ್ಗದಿದ್ರ ಕುದ್ರಿಗೆ ವಾಂತಿ ಮಾಡಾಕೂ ಬರಂಗಿಲ್ರಿ."

ಹಾಕಲಿಲ್ಲ. ದೊಡ್ಡವ್ವ ಬೇಸರ ಮಾಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಪುಟ್ಟಿ ಸರಿಸಿ, ಹಸಿ ಗರಿಕೆ ಕಿತ್ತು ತಂದು ಚಂದ್ರಿಯ ಬಾಯಿಗೆ ಹಿಡಿದಳು.

"ನನ್ನ ಕೂಸೂ ಹಿಂಗ ಹೋತವ್ವ. ತಿನ್ನು."

ಚಂದ್ರಿ ತಿಂದಿತು. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಆಕೆಗೊಂದು ಕೂಸಿತ್ತೆಂದು ನನಗೆ ಗೊತ್ತಿರಲಿಲ್ಲ. ನಾಳೆ ಕೇಳಬೇಕೋ, ಸುಮ್ಮನಿರಬೇಕೋ...